ಹಾಸಿನಡಿಯ ಹಲಗೆ

ಬ್ರಿಟನ್ನಿನಲ್ಲೋ ಅಮೆರಿಕದಲ್ಲೋ ನೂರು ವರ್ಷ ದಾಟಿದ ಮನೆಯೊಂದರ ಅಡುಗೆಮನೆಯಲ್ಲಿ ಹಳೆಯ ಲಿನೋಲಿಯಂ ಹಾಸು ಉಳಿದುಕೊಂಡಿದ್ದರೆ ಅದರ ಸವೆತವನ್ನು ಗಮನಿಸಬೇಕು. ಒಲೆಯ ಮುಂದೆ, ಬಾಗಿಲ ಬಳಿ ಓಡಾಟ ಹೆಚ್ಚಿರುವಲ್ಲಿ ಬಣ್ಣ ಮಾಸುವುದು ಸಹಜ. ಆದರೆ ಇಂಥ ಹಾಸುಗಳಲ್ಲಿ ಇನ್ನೊಂದು ಬಗೆಯ ಸವೆತವೂ ಕಾಣುತ್ತದೆ. ಈ ಗೋಡೆಯಿಂದ ಆ ಗೋಡೆಯವರೆಗೆ, ಆರೇಳು ಇಂಚಿಗೊಂದರಂತೆ, ನೂಲು ಹಿಡಿದು ಎಳೆದಂಥ ಗೆರೆಗಳು. ಕೆಲವು ಕಡೆ ಆ ಗೆರೆಯುದ್ದಕ್ಕೂ ಹಾಸು ಸೀಳಿರುತ್ತದೆ. ಎತ್ತಿ ನೋಡಿದರೆ ಕಾರಣ ತಿಳಿಯುತ್ತದೆ. ಕೆಳಗಿನ ಮರದ ಹಲಗೆಯ ಅಂಚು ಎಲ್ಲೆಲ್ಲಿ ಮೇಲೆದ್ದಿದೆಯೋ ಅಲ್ಲಲ್ಲೇ ಮೇಲೊಂದು ಗೆರೆ ಮೂಡಿದೆ.

ನೆಲಹಾಸಿನ ಚರಿತ್ರೆ ಬರೆದವರು ಹೆಚ್ಚಾಗಿ ಬರೆದದ್ದು ಹಾಸಿನ ಬಗ್ಗೆ: ಅದನ್ನು ಕಂಡುಹಿಡಿದವರು ಯಾರು, ಪೇಟೆಂಟ್ ಯಾರದು, ಯಾವ ಕಾಲಕ್ಕೆ ಯಾವ ವಿನ್ಯಾಸ ಜನಪ್ರಿಯವಾಗಿತ್ತು ಎಂದು. ಆ ಹಾಸು ಬೀಳುವ ಮೊದಲು ಮಂಡಿಯೂರಿ ಕುಳಿತು ಹಲಗೆಯ ಉಬ್ಬು ಕೀಸಿದವನ, ಸಂದಿ ತುಂಬಿದವನ ಕೆಲಸ ಹಾಸಿನ ಕೆಳಗೇ ಮುಚ್ಚಿಹೋಯಿತು. ಆದರೆ ಎರಡೂವರೆ ಶತಮಾನಗಳಲ್ಲಿ ಹಾಸು ಬದಲಾದಾಗಲೆಲ್ಲ ಅದರ ಬಾಳಿಕೆಯನ್ನು ತೀರ್ಮಾನಿಸಿದ್ದು ಈ ಕಾಣದ ಕೆಲಸವೇ. ಹಾಸು ತೆಳುವಾದಷ್ಟೂ, ಮೆದುವಾದಷ್ಟೂ ಅಡಿಯ ನೆಲಕ್ಕೆ ಬೇಕಾದ ಆರೈಕೆ ಹೆಚ್ಚುತ್ತ ಬಂತು.

ಮರದ ನೆಲ ಸಮವಾಗಿ ಉಳಿಯದಿರುವುದಕ್ಕೆ ಬಡಗಿಯ ಕೈತಪ್ಪು ಮಾತ್ರ ಕಾರಣವಲ್ಲ. ಕಡಿದು, ಸೀಳಿ, ಒಣಗಿಸಿದ ಮೇಲೂ ಮರ ಗಾಳಿಯ ತೇವವನ್ನು ಹೀರುತ್ತದೆ, ಬಿಡುತ್ತದೆ. ವಾರ್ಷಿಕ ಉಂಗುರಗಳ ಸುತ್ತಿನ ದಿಕ್ಕಿನಲ್ಲಿ ಅದು ಕುಗ್ಗುವ ಪ್ರಮಾಣ, ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದರ ಹೆಚ್ಚುಕಡಿಮೆ ಇಮ್ಮಡಿ. ಹಾಗಾಗಿ ಒಂದೇ ಹಲಗೆ ಎರಡು ದಿಕ್ಕಿನಲ್ಲಿ ಎರಡು ರೀತಿ ಕುಗ್ಗಿ ಸೊಟ್ಟಗಾಗುತ್ತದೆ. ಕೆಳಮೈ ತೇವವಾಗಿ ಮೇಲ್ಮೈ ಒಣಗಿದ್ದರೆ ಅಂಚುಗಳು ಏಳುತ್ತವೆ, ನಡು ತಗ್ಗುತ್ತದೆ. ಅಡಿಯ ತೊಲೆಗಳು ಭಾರಕ್ಕೆ ಬಾಗಿದರೆ ಕೋಣೆಯ ನಡುವೆಯೇ ತಗ್ಗು ಬೀಳುತ್ತದೆ. ಮೊಳೆ ಸಡಿಲಾದ ಹಲಗೆ ಕಾಲಿಟ್ಟಾಗಲೆಲ್ಲ ಕಿರುಗುಟ್ಟುತ್ತದೆ. ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ನಾಡುಗಳಲ್ಲಿ ಈ ಹಿಗ್ಗುಕುಗ್ಗು ವರ್ಷವರ್ಷವೂ ನಡೆಯುತ್ತದೆ. ಗಾರೆ ನೆಲ, ಕಲ್ಲುಚಪ್ಪಡಿಯ ನಾಡಿನಲ್ಲಿ ಬೆಳೆದವರಿಗೆ ಇದು ಹೊಸದು. ಮಲೆನಾಡಿನ ಹಳೆಯ ಉಪ್ಪರಿಗೆಯ ಹಲಗೆಯ ಮೇಲೆ ಓಡಾಡಿದವರಿಗೆ ಮಾತ್ರ ಅಷ್ಟು ಹೊಸದಲ್ಲ.

ಇಂಥ ನೆಲದ ಮೇಲೆ ಮೊದಲು ಬಂದದ್ದು ಬಣ್ಣ ಬಳಿದ ಕ್ಯಾನ್ವಾಸ್. 18ನೇ ಶತಮಾನದ ಇಂಗ್ಲೆಂಡಿನಲ್ಲಿ ಹಡಗಿನ ಹಾಯಿಗೆ ಬಳಸುವಂಥ ದಪ್ಪ ಬಟ್ಟೆಯನ್ನು ದೊಡ್ಡ ಚೌಕಟ್ಟಿಗೆ ಬಿಗಿದು, ಅಂಟು ಹಚ್ಚಿ, ಪ್ಯೂಮಿಸ್ ಕಲ್ಲಿನಿಂದ ಉಜ್ಜಿ, ಎಣ್ಣೆಬಣ್ಣವನ್ನು ಪದರ ಪದರವಾಗಿ ಬಳಿಯುತ್ತಿದ್ದರು. ಒಂದು ಪದರ ಒಣಗುವವರೆಗೆ ಕಾದು ಮುಂದಿನದು. ಕೊನೆಗೆ ಮರದ ಅಚ್ಚಿನಿಂದ ಅಮೃತಶಿಲೆಯ ಚೌಕಗಳಂಥ ವಿನ್ಯಾಸ ಒತ್ತುತ್ತಿದ್ದರು. 1763ರಲ್ಲಿ ಲಂಡನ್ನಿನ ನೈಟ್ಸ್‌ಬ್ರಿಜ್‌ನ ನೇಥನ್ ಸ್ಮಿತ್ ಇಂಥ ನೆಲಹಾಸಿಗೆ ಪೇಟೆಂಟ್ ಪಡೆದ. ಅಮೆರಿಕದ ಅಧ್ಯಕ್ಷ ಥಾಮಸ್ ಜೆಫರ್ಸನ್ ತನ್ನ ಅಧಿಕೃತ ನಿವಾಸದ ಊಟದ ಕೋಣೆಯ ಒಳ್ಳೆಯ ಮರದ ನೆಲಕ್ಕೆ ಜಿಡ್ಡು ತಾಗದಿರಲೆಂದು ಬಣ್ಣದ ಕ್ಯಾನ್ವಾಸ್ ಹಾಸಿಸಿದ್ದ.

ಕ್ಯಾನ್ವಾಸಿನ ದೊಡ್ಡ ಕೊರತೆಯೆಂದರೆ ಬಣ್ಣದ ಪದರ ಮಡಿಸಿದರೆ ಬಿರುಕು ಬಿಡುತ್ತಿತ್ತು. ಹಲಗೆಯ ಏಣಿನ ಮೇಲೆ ದಿನವೂ ಕಾಲು ಬಿದ್ದರೆ ಅಲ್ಲಿ ಬಣ್ಣ ಕಿತ್ತು ಬಟ್ಟೆ ಕಾಣುತ್ತಿತ್ತು. ಬಟ್ಟೆ ಕಂಡ ಮೇಲೆ ಅದು ನೀರು ಕುಡಿಯುತ್ತಿತ್ತು. ಹಾಸು ಕೊಳ್ಳುವಷ್ಟೇ ಗಮನವನ್ನು ಅದನ್ನು ಹಾಸುವ ನೆಲಕ್ಕೂ ಕೊಡಬೇಕೆಂಬ ತಿಳಿವಳಿಕೆ ಬೆಳೆದದ್ದು ಇಂಥ ನಷ್ಟಗಳಿಂದಲೇ.

ಸ್ಕಾಟ್ಲೆಂಡಿನ ಕರ್ಕಾಡಿ ಪಟ್ಟಣದಲ್ಲಿ ಕ್ಯಾನ್ವಾಸ್ ನೇಯಿಸುತ್ತಿದ್ದ ಮೈಕೆಲ್ ನೇರ್ನ್, ಬೇರೆಯವರು ತನ್ನ ಬಟ್ಟೆ ಕೊಂಡು ಹಾಸು ಮಾಡುವ ಬದಲು ತಾನೇ ಮಾಡಬಾರದೇಕೆ ಎಂದು ಯೋಚಿಸಿ 1847ರಲ್ಲಿ ಕಡಲತೀರದ ಮೇಲೊಂದು ದೊಡ್ಡ ಕಾರ್ಖಾನೆ ಕಟ್ಟಿಸಿದ. ಇದು ಖಂಡಿತ ಮುಳುಗುತ್ತದೆ ಎಂದು ಊರವರು ಅದನ್ನು ನೇರ್ನನ ಹುಚ್ಚು ಎಂದು ಕರೆದರು. ಕಾರ್ಖಾನೆ ಮುಳುಗಲಿಲ್ಲ. ಮುಂದೆ ಆ ಊರು ನೆಲಹಾಸಿನ ರಾಜಧಾನಿಯೇ ಆಯಿತು.

ಅಷ್ಟರಲ್ಲಿ ಇಂಗ್ಲೆಂಡಿನಲ್ಲಿ ಫ್ರೆಡರಿಕ್ ವಾಲ್ಟನ್ ಎಂಬ ಯುವಕ ಬಣ್ಣದ ಡಬ್ಬಿಯೊಂದನ್ನು ಗಮನಿಸಿದ್ದ. ಮುಚ್ಚಳ ತೆಗೆದಿಟ್ಟ ಡಬ್ಬಿಯಲ್ಲಿ ಬಣ್ಣದ ಮೇಲೆ ರಬ್ಬರಿನಂತೆ ಎಳೆದರೆ ಹಿಗ್ಗುವ ಕೆನೆ ಕಟ್ಟಿತ್ತು. ಬಣ್ಣದಲ್ಲಿದ್ದ ಅಗಸೆ ಎಣ್ಣೆ ಗಾಳಿಯ ಆಮ್ಲಜನಕದೊಡನೆ ಸೇರಿ ಗಟ್ಟಿಯಾದ ಕೆನೆ ಅದು. ರಬ್ಬರು ದುಬಾರಿಯಾಗಿದ್ದ ಕಾಲದಲ್ಲಿ ಅದಕ್ಕೆ ಬದಲಿ ಸಿಕ್ಕಿತೆಂದು ವಾಲ್ಟನ್ ವರ್ಷಗಟ್ಟಲೆ ಪ್ರಯೋಗ ನಡೆಸಿದ. ಗಟ್ಟಿಗೊಳಿಸಿದ ಅಗಸೆ ಎಣ್ಣೆಗೆ ರಾಳ ಸೇರಿಸಿ ಕಾಯಿಸಿ, ಕಾರ್ಕಿನ ಪುಡಿ ಬೆರೆಸಿ, ಆ ಮುದ್ದೆಯನ್ನು ಗೋಣಿಯಂಥ ಒರಟು ಬಟ್ಟೆಯ ಮೇಲೆ ರೋಲರಿನಿಂದ ಒತ್ತಿದರೆ ಲಿನೋಲಿಯಂ. 1863ರಲ್ಲಿ ಪೇಟೆಂಟ್ ಆಯಿತು, ಮರುವರ್ಷ ಲಂಡನ್ನಿನ ಪಶ್ಚಿಮಕ್ಕಿರುವ ಸ್ಟೇನ್ಸ್‌ನಲ್ಲಿ ಕಂಪನಿ ಶುರುವಾಯಿತು. ಹಾಸನ್ನು ಎತ್ತರದ ಬಿಸಿ ಕೋಣೆಗಳಲ್ಲಿ ವಾರಗಟ್ಟಲೆ ಇಳಿಬಿಟ್ಟು ಹದ ಮಾಡುತ್ತಿದ್ದರು.

ಈ ಕಥೆಯಲ್ಲಿ ನಮ್ಮ ನೆಲದ ಪಾಲೂ ಇದೆ. ಬಯಲುಸೀಮೆಯ ಎರೆಹೊಲದಲ್ಲಿ ನೀಲಿ ಹೂ ಬಿಡುವ, ಉತ್ತರ ಕರ್ನಾಟಕದಲ್ಲಿ ಹುರಿದು ಕುಟ್ಟಿ ಚಟ್ನಿಪುಡಿ ಮಾಡಿ ಜೋಳದ ರೊಟ್ಟಿಗೆ ಹಚ್ಚಿ ತಿನ್ನುವ ಅಗಸೆಯೇ ಲಿನೋಲಿಯಂನ ಜೀವದ್ರವ್ಯ. 19ನೇ ಶತಮಾನದ ಉತ್ತರಾರ್ಧದಲ್ಲಿ ಬಾಂಬೆ, ಕಲ್ಕತ್ತಾ ಬಂದರುಗಳಿಂದ ಬ್ರಿಟನ್ನಿಗೆ ಹೋಗುತ್ತಿದ್ದ ಎಣ್ಣೆಬೀಜಗಳಲ್ಲಿ ಅಗಸೆಯದು ದೊಡ್ಡ ಪಾಲು. ಹಾಸಿನ ಬೆನ್ನಿಗೆ ಹಚ್ಚುವ ಬಟ್ಟೆಗೆ ಬೇಕಾದ ಸೆಣಬು ಬಂಗಾಳದಿಂದ ಕರ್ಕಾಡಿಗೆ ಹತ್ತಿರದ ಡಂಡಿ ಪಟ್ಟಣದ ಗಿರಣಿಗಳಿಗೆ ಹೋಗುತ್ತಿತ್ತು. ಹೀಗೆ ವಸಾಹತುಗಳ ಹೊಲದ ಬೆಳೆ ಬ್ರಿಟಿಷ್ ಕಾರ್ಮಿಕನ ಅಡುಗೆಮನೆಯ ನೆಲವಾಯಿತು.

ವಾಲ್ಟನ್ನನ ಪೇಟೆಂಟ್ ಅವಧಿ ಮುಗಿಯುತ್ತಲೇ 1877ರಲ್ಲಿ ನೇರ್ನ್ ಕಂಪನಿಯೂ ಲಿನೋಲಿಯಂ ಮಾಡತೊಡಗಿತು. ಆ ಹೆಸರು ತನ್ನದೆಂದು ವಾಲ್ಟನ್ನನ ಕಂಪನಿ ನ್ಯಾಯಾಲಯಕ್ಕೆ ಹೋಯಿತು. ಅದು ಪದಾರ್ಥದ ಹೆಸರೇ ಆಗಿಹೋಗಿದೆ, ಯಾರಾದರೂ ಬಳಸಬಹುದು ಎಂದು 1878ರಲ್ಲಿ ತೀರ್ಪು ಬಂತು. ಅಮೆರಿಕದಲ್ಲಿ ವಾಲ್ಟನ್ ಭಾಗಿಯಾಗಿ 1870ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ಸ್ಟೇಟನ್ ಐಲೆಂಡಿನಲ್ಲಿ ಕಾರ್ಖಾನೆ ಎದ್ದಿತು. ಅದರ ಸುತ್ತ ಬೆಳೆದ ಊರಿಗೆ ಲಿನೋಲಿಯಂವಿಲ್ ಎಂದೇ ಹೆಸರಾಯಿತು. 1930ರಲ್ಲಿ ಊರವರು ಆ ಹೆಸರು ಬಿಟ್ಟು ಟ್ರಾವಿಸ್ ಎಂದು ಇಟ್ಟುಕೊಂಡರು.

ಅಗ್ಗವಾಗಿದ್ದ, ತೊಳೆಯಲು ಸುಲಭವಾಗಿದ್ದ ಲಿನೋಲಿಯಂ ಬಡವರ, ಮಧ್ಯಮವರ್ಗದವರ ಮನೆ ಹೊಕ್ಕಿತು. ಅಲ್ಲಿಯ ನೆಲವೆಂದರೆ ಅಗ್ಗದ ಪೈನ್ ಹಲಗೆ: ಸಂದಿ ಬಿಟ್ಟದ್ದು, ಗಂಟು ಎದ್ದದ್ದು, ಬಾಗಿಲ ಬಳಿ ಹಳ್ಳ ಬಿದ್ದದ್ದು. ಹಲಗೆಯ ಮೆದುಭಾಗ ಸವೆದು ಗಟ್ಟಿಯಾದ ಗಂಟು ಮಾತ್ರ ಗುಬುಟಾಗಿ ಉಳಿಯುತ್ತದೆ. ನೆಲ ಸಿದ್ಧಪಡಿಸುವುದು ಒಂದು ಪ್ರತ್ಯೇಕ ಕಸುಬಾಗಿ ರೂಪುಗೊಂಡದ್ದು ಇಂಥ ಮನೆಗಳಲ್ಲಿ.

ಮೊದಲ ಕೆಲಸ ಮೊಳೆಗಳದ್ದು. ಸಡಿಲಾದ ಹಲಗೆಯನ್ನು ತೊಲೆಗೆ ಬಿಗಿದು, ಮೊಳೆಯ ತಲೆಯನ್ನು ಉಳಿಯಂಥ ಪಂಚಿನಿಂದ ಮರದೊಳಕ್ಕೆ ಇಳಿಸಬೇಕು. ಒಂದೇ ಒಂದು ತಲೆ ಮೇಲುಳಿದರೂ ಕೆಲವು ತಿಂಗಳಲ್ಲಿ ಅದು ಹಾಸನ್ನು ತೂತು ಮಾಡುತ್ತದೆ. ಆಮೇಲೆ ಕೀಸುಳಿ ಹಿಡಿದು ಎದ್ದ ಅಂಚು, ಗಂಟುಗಳನ್ನು ಕೀಸಬೇಕು. ಕೊನೆಗೆ ಸಂದಿ ತುಂಬುವುದು. ಪುಟ್ಟಿ ಕೊಳ್ಳಲಾಗದವರಿಗೆ 19ನೇ ಶತಮಾನದ ಗೃಹಿಣಿಯರ ಕೈಪಿಡಿಗಳು ಒಂದು ಉಪಾಯ ಹೇಳುತ್ತಿದ್ದವು. ಹಿಟ್ಟಿನ ಗಂಜಿ ಕಾಯಿಸಿ, ಅದಕ್ಕೆ ಸ್ವಲ್ಪ ಪಟಿಕ ಹಾಕಿ, ಹರಿದ ಹಳೆಯ ಪತ್ರಿಕೆಗಳನ್ನು ಅದರಲ್ಲಿ ನೆನೆಸಿ ಕಲಸಬೇಕು. ನಮ್ಮ ಹಳ್ಳಿಗಳಲ್ಲಿ ಮೆಂತ್ಯ ಸೇರಿಸಿ ರುಬ್ಬಿ ಬುಟ್ಟಿಗೆ ಮೆತ್ತುವ ಕಾಗದದ ಮುದ್ದೆಯ ಹದಕ್ಕೆ ಅದು ಬಂದಾಗ ಚಾಕುವಿನ ತುದಿಯಿಂದ ಸಂದಿಯೊಳಕ್ಕೆ ತುರುಕಿ ಒತ್ತಬೇಕು. ಒಣಗಿದ ಮೇಲೆ ಅದು ಗಟ್ಟಿಯಾಗುತ್ತಿತ್ತು, ಪಟಿಕ ಹುಳ ಹಿಡಿಯದಂತೆ ನೋಡಿಕೊಳ್ಳುತ್ತಿತ್ತು.

ಇಷ್ಟೂ ಮಾಡಲಾಗದವರು ಹಲಗೆಯ ಮೇಲೆ ಪತ್ರಿಕೆಗಳನ್ನೇ ಪದರವಾಗಿ ಹರಡಿ ಅದರ ಮೇಲೆ ಲಿನೋಲಿಯಂ ಹಾಸುತ್ತಿದ್ದರು. ಹಲಗೆ ಸಂದಿಯ ದೂಳು, ತಣ್ಣನೆ ಗಾಳಿ ಎರಡಕ್ಕೂ ಅದು ತಡೆ. ಇಂದು ಇಂಗ್ಲೆಂಡ್, ಆಸ್ಟ್ರೇಲಿಯಾಗಳ ಹಳೆ ಮನೆ ರಿಪೇರಿ ಮಾಡುವವರಿಗೆ ಆ ಪತ್ರಿಕೆಗಳು ಸಿಗುತ್ತಲೇ ಇರುತ್ತವೆ. ಹಾಸು ಯಾವ ವರ್ಷ ಬಿತ್ತೆಂದು ಹೇಳಲು ಪತ್ರಿಕೆಯ ತಾರೀಖಿಗಿಂತ ಒಳ್ಳೆಯ ಸಾಕ್ಷಿ ಬೇರಿಲ್ಲ.

ಅಂಟಿಸದೆ ಸುಮ್ಮನೆ ಹಾಸಿದ ಲಿನೋಲಿಯಂ ಬೆಳೆಯುತ್ತದೆ. ಬಿಚ್ಚಿ ಹಾಸಿದ ಮೇಲೆ ಕೆಲ ದಿನ ಉದ್ದಗಲದಲ್ಲಿ ಹಿಗ್ಗುತ್ತದೆ. ಅನುಭವಿ ಕೆಲಸಗಾರ ಅದನ್ನು ಮೊದಲು ಸಡಿಲವಾಗಿ ಹಾಸಿ, ಅದು ನೆಲೆಗೊಂಡ ಮೇಲೆ ಮರಳಿ ಬಂದು ಗೋಡೆಯಂಚಿಗೆ ಕತ್ತರಿಸುತ್ತಿದ್ದ. ಅಮೆರಿಕದಲ್ಲಿ ಇದಕ್ಕೆ ಬೇರೆ ಪರಿಹಾರ ಬಂತು. 1860ರಲ್ಲಿ ಪಿಟ್ಸ್‌ಬರ್ಗಿನಲ್ಲಿ ಬಾಟಲಿಯ ಬಿರಡೆ ಕತ್ತರಿಸುವ ಅಂಗಡಿಯಾಗಿ ಶುರುವಾದ ಆರ್ಮ್‌ಸ್ಟ್ರಾಂಗ್ ಕಂಪನಿ, ಮಿಕ್ಕುತ್ತಿದ್ದ ಕಾರ್ಕಿನ ಪುಡಿಗೆ ದಾರಿ ಹುಡುಕಿ 20ನೇ ಶತಮಾನದ ಮೊದಲ ದಶಕದಲ್ಲಿ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರಿನಲ್ಲಿ ಲಿನೋಲಿಯಂಗೆ ಕೈಹಾಕಿತ್ತು. ಹಲಗೆಗೆ ಮೊದಲು ದಪ್ಪನೆಯ ಫೆಲ್ಟ್ ಕಾಗದ ಅಂಟಿಸಿ, ಅದರ ಮೇಲೆ ಲಿನೋಲಿಯಂ ಅಂಟಿಸಿ, ಭಾರದ ರೋಲರ್ ಉರುಳಿಸಬೇಕೆಂದು ಅದು ಪ್ರಚಾರ ಮಾಡಿತು. ಹಲಗೆ ಹಿಗ್ಗಿದಾಗ, ಕುಗ್ಗಿದಾಗ ಎಳೆತ ಫೆಲ್ಟಿನಲ್ಲೇ ನಿಲ್ಲುತ್ತಿತ್ತು, ಮೇಲಿನ ಹಾಸು ಸೀಳುತ್ತಿರಲಿಲ್ಲ. ಮುಂದೆಂದಾದರೂ ಹಾಸು ಕೀಳಬೇಕಾದರೆ ಫೆಲ್ಟ್ ನಡುವೆ ಸೀಳಿ ಹಲಗೆ ಉಳಿಯುತ್ತಿತ್ತು. ಹಾಸಿಗೂ ನೆಲಕ್ಕೂ ನಡುವೆ ಮೂರನೆಯ ಪದರವೊಂದು ಬೇಕು ಎಂಬ ತಿಳಿವಳಿಕೆ ಈ ಕಸುಬಿನ ದೊಡ್ಡ ತಿರುವು.

ಆ ಪದರ ಬೇಗನೆ ಗಟ್ಟಿಯಾಯಿತು. ಥಾಮಸ್ ಎಡಿಸನ್ನನ ಬಳಿ ಕೆಲಸ ಮಾಡಿದ್ದ ವಿಲಿಯಂ ಮೇಸನ್, 1924ರಲ್ಲಿ ಮಿಸಿಸಿಪಿಯ ಲಾರೆಲ್ ಪಟ್ಟಣದಲ್ಲಿ, ಮರದ ಗಿರಣಿಗಳು ಬಿಸಾಡುತ್ತಿದ್ದ ಚೂರುಗಳನ್ನು ಆವಿಯ ಒತ್ತಡದಿಂದ ನಾರಾಗಿಸಿ, ಒತ್ತಿ ಹಾರ್ಡ್‌ಬೋರ್ಡ್ ಮಾಡಿದ. ಕಾಲಿಂಚು ದಪ್ಪದ ಅದರ ಹಾಳೆಗಳನ್ನೂ ಪ್ಲೈವುಡ್ಡನ್ನೂ ಹಳೆ ಹಲಗೆಯ ಮೇಲೆ ಬಡಿದರೆ ಸಂದುಗಳೆಲ್ಲ ಒಂದೇ ಏಟಿಗೆ ಮುಚ್ಚುತ್ತಿದ್ದವು. ಆದರೆ ಹಾರ್ಡ್‌ಬೋರ್ಡಿಗೂ ಮರದ ಗುಣವೇ. ಒಣಗಿದ ಹಾಳೆ ಬಡಿದರೆ ಆಮೇಲೆ ತೇವ ಹೀರಿ ಉಬ್ಬುತ್ತದೆ. ಬ್ರಿಟನ್ನಿನ ಕೆಲಸಗಾರರು ಹಾಳೆಯ ಒರಟು ಬೆನ್ನಿಗೆ ಬ್ರಷ್ಷಿನಿಂದ ನೀರು ಬಳಿದು, ಬೆನ್ನಿಗೆ ಬೆನ್ನು ತಾಗಿಸಿ ಒಂದರ ಮೇಲೊಂದು ಪೇರಿಸಿ, ಎರಡು ಮೂರು ದಿನ ಬಿಟ್ಟು ಆಮೇಲೆ ಬಡಿಯುತ್ತಿದ್ದರು. ಹಾಗೆ ಮೊದಲೇ ಹಿಗ್ಗಿದ ಹಾಳೆ ಬಡಿದ ಮೇಲೆ ಒಣಗುತ್ತ ತಾನಾಗಿ ಬಿಗಿಯಾಗುತ್ತಿತ್ತು. ಮೈಸುತ್ತ ಉಂಗುರಗಳಿರುವ ಮೊಳೆ ಬಂದದ್ದು ಕೂಡ ಇಂಥ ಅಗತ್ಯಕ್ಕೆ. ಮರ ಅಲುಗಿದರೂ ಅದು ಸುಲಭವಾಗಿ ಮೇಲೇಳುವುದಿಲ್ಲ.

ವಿನೈಲಿನ ಸರದಿ ಬಂದದ್ದು ಆಮೇಲೆ. 1926ರಲ್ಲಿ ಓಹಿಯೊದ ಬಿ. ಎಫ್. ಗುಡ್‌ರಿಚ್ ಕಂಪನಿಯ ರಸಾಯನಶಾಸ್ತ್ರಜ್ಞ ವಾಲ್ಡೊ ಸೆಮನ್, ಲೋಹಕ್ಕೆ ರಬ್ಬರು ಹಿಡಿಸುವ ಅಂಟನ್ನು ಹುಡುಕುತ್ತ, ಯಾರಿಗೂ ಬೇಡವಾಗಿದ್ದ ಪಿವಿಸಿ ಎಂಬ ಗಡುಸು ಪ್ಲಾಸ್ಟಿಕ್ಕನ್ನು ದ್ರಾವಕದಲ್ಲಿ ಕಾಯಿಸಿದ. ಸಿಕ್ಕಿದ್ದು ಅಂಟಲ್ಲ, ಬಾಗಿಸಿದರೆ ಬಾಗುವ ಹೊಸ ಪದಾರ್ಥ, ಇದೇ ವಿನೈಲ್. 1933ರ ಷಿಕಾಗೊ ವಸ್ತುಪ್ರದರ್ಶನದಲ್ಲಿ ವಿನೈಲ್ ನೆಲ ಜನರ ಕಣ್ಣಿಗೆ ಬಿತ್ತು. ಎರಡನೆಯ ಮಹಾಯುದ್ಧ ಮುಗಿದು ಮನೆ ಕಟ್ಟುವ ಭರಾಟೆ ಶುರುವಾದ ಮೇಲೆ ಅದು ಲಿನೋಲಿಯಂನ ಜಾಗ ಹಿಡಿಯಿತು. ವ್ಯಾಕ್ಸ್ ತಿಕ್ಕುವ ಕೆಲಸ ಕಡಿಮೆ, ಬಣ್ಣ ಬೇಕಾದಷ್ಟು, ಬೆಲೆಯೂ ಕಡಿಮೆ.

ಆದರೆ ವಿನೈಲ್ ಶೀಟು ಯಾವ ದೋಷವನ್ನೂ ಮುಚ್ಚಿಡುವುದಿಲ್ಲ. ಕ್ಯಾನ್ವಾಸ್ ದಪ್ಪಗಿತ್ತು, ಲಿನೋಲಿಯಂ ಗಡುಸಾಗಿತ್ತು. ಒಂದೆರಡು ಮಿಲಿಮೀಟರಿನ ವಿನೈಲ್ ಅಡಿಯ ನೆಲಕ್ಕೆ ಮೆತ್ತಿಕೊಂಡು ಅದರ ಆಕಾರವನ್ನೇ ತಾಳುತ್ತದೆ. ಹಾಸುವ ಮುನ್ನ ಗುಡಿಸಲು ಮರೆತ ಒಂದು ಮರಳು ಕಣ ಸಾಕು, ಬೆಳಕು ಓರೆಯಾಗಿ ಬಿದ್ದಾಗ ಮೊಡವೆಯಂತೆ ಎದ್ದು ಕಾಣುತ್ತದೆ. ಆದ್ದರಿಂದಲೇ ವಿನೈಲಿನ ಕಾಲದಲ್ಲಿ ಸಮತಟ್ಟು ಎಂದರೆ ಎಷ್ಟು ಎಂಬುದಕ್ಕೆ ಅಳತೆ ಬಂತು. ಅಮೆರಿಕದ ತಯಾರಕರು ಸಾಮಾನ್ಯವಾಗಿ ಕೇಳುವುದು ಹತ್ತು ಅಡಿಯ ಉದ್ದಕ್ಕೆ 3/16 ಇಂಚಿಗಿಂತ, ಎಂದರೆ ಮೂರು ಮೀಟರಿಗೆ ಸುಮಾರು 5 ಮಿಲಿಮೀಟರಿಗಿಂತ ಹೆಚ್ಚು ಏರುಪೇರು ಇರಬಾರದೆಂದು.

ಅಳತೆ ಹಿಡಿಯುವ ಬಗೆ ಇಂದಿಗೂ ಹಳೆಯದೇ. ಉದ್ದನೆಯ ನೇರ ಪಟ್ಟಿಯನ್ನು ನೆಲದ ಮೇಲಿಟ್ಟು ದಿಕ್ಕು ದಿಕ್ಕಿಗೆ ತಿರುಗಿಸುತ್ತ, ಅಡಿಯಲ್ಲಿ ಬೆಳಕು ಕಂಡಲ್ಲಿ ತಗ್ಗು, ಪಟ್ಟಿ ತೂಗಾಡಿದಲ್ಲಿ ಉಬ್ಬು ಎಂದು ಪೆನ್ಸಿಲಿನಲ್ಲಿ ಗುರುತು ಹಾಕುತ್ತಾರೆ. ಉಬ್ಬನ್ನು ಕೀಸಿ, ಕಿರುಗುಟ್ಟುವ ಹಲಗೆಗೆ ತೊಲೆಯವರೆಗೂ ಇಳಿಯುವ ಸ್ಕ್ರೂ ಹಾಕಿ, ತಗ್ಗಿಗೆ ಲೆವೆಲಿಂಗ್ ಕಾಂಪೌಂಡ್ ತುಂಬುತ್ತಾರೆ. ಮೇಲೆ ಆರು ಮಿಲಿಮೀಟರಿನ ಪ್ಲೈವುಡ್ ಬಡಿಯುವಾಗ ನಾಲ್ಕು ಹಾಳೆಯ ಮೂಲೆಗಳು ಒಂದೇ ಕಡೆ ಕೂಡದಂತೆ, ಹೊಸ ಸಂದಿ ಹಳೆ ಹಲಗೆಯ ಸಂದಿಯ ಮೇಲೆ ಬೀಳದಂತೆ ಜೋಡಿಸುತ್ತಾರೆ. ಇನ್ನೊಂದು ಎಚ್ಚರ ನೆಲದಡಿಯ ಗಾಳಿಯದು. ವಿನೈಲ್ ತೇವವನ್ನು ಮೇಲಕ್ಕೆ ಬಿಡುವುದಿಲ್ಲ. ಗೋಡೆಯ ಬುಡದ ಗಾಳಿಕಿಂಡಿ ಮುಚ್ಚಿಹೋಗಿದ್ದರೆ ತೇವ ಹಲಗೆಯಲ್ಲೇ ಉಳಿದು, ಚಂದದ ಹಾಸಿನ ಕೆಳಗೆ ತೊಲೆ ಕೊಳೆಯುತ್ತದೆ.

ಈ ಕಸುಬಿನ ಕರಾಳ ಅಧ್ಯಾಯ ಆಸ್ಬೆಸ್ಟಾಸಿನದು. ಯುದ್ಧಾನಂತರ ಅಮೆರಿಕದಲ್ಲಿ ಕೋಟ್ಯಂತರ ಅಡಿ ನೆಲ ಮುಚ್ಚಿದ ಒಂಬತ್ತು ಇಂಚಿನ ಚೌಕ ಬಿಲ್ಲೆಗಳಲ್ಲಿ ಗಟ್ಟಿತನಕ್ಕೆಂದು ಆಸ್ಬೆಸ್ಟಾಸ್ ನಾರು ಬೆರೆಸುತ್ತಿದ್ದರು. ಅವನ್ನು ಹಿಡಿಸಿದ ಡಾಂಬರಿನಂಥ ಕಪ್ಪು ಅಂಟಿನಲ್ಲೂ, ಹಲವು ಶೀಟುಗಳ ಬೆನ್ನಿನ ಫೆಲ್ಟಿನಲ್ಲೂ ಅದೇ ನಾರು. ಬಿಲ್ಲೆ ನೆಲದ ಮೇಲೆ ಸುಮ್ಮನಿದ್ದರೆ ಹೆಚ್ಚು ಅಪಾಯವಿಲ್ಲ. ಅಪಾಯವೆಲ್ಲ ಅದನ್ನು ಕಿತ್ತು, ಕೆರೆದು, ಯಂತ್ರ ಹಿಡಿದು ಉಜ್ಜಿ ಹೊಸ ನೆಲಹಾಸಿಗೆ ನೆಲ ಸಿದ್ಧಮಾಡುವಾಗ. ಕಣ್ಣಿಗೆ ಕಾಣದ ನಾರು ದೂಳಾಗಿ ಶ್ವಾಸಕೋಶ ಸೇರುತ್ತದೆ. ಅದು ತರುವ ಕ್ಯಾನ್ಸರ್ ದಶಕಗಳ ನಂತರ ತಲೆ ಎತ್ತುತ್ತದೆ. ನೆಲವನ್ನು ಚೆನ್ನಾಗಿ ಉಜ್ಜಿ ನುಣುಪು ಮಾಡುವ ಶ್ರದ್ಧಾವಂತ ಕೆಲಸಗಾರನೇ ಹೆಚ್ಚು ದೂಳು ಕುಡಿದ. ಬ್ರಿಟನ್ 1999ರಲ್ಲಿ ಆಸ್ಬೆಸ್ಟಾಸನ್ನು ಪೂರ್ತಿ ನಿಷೇಧಿಸಿತು. ಅಮೆರಿಕ 1989ರಲ್ಲಿ ತಂದ ನಿಷೇಧದ ಬಹುಭಾಗವನ್ನು ನ್ಯಾಯಾಲಯ 1991ರಲ್ಲಿ ರದ್ದು ಮಾಡಿದರೂ, ನೆಲಹಾಸಿನ ಫೆಲ್ಟ್ ಮೇಲಿನ ನಿಷೇಧ ಉಳಿಯಿತು. ಅಲ್ಲಿ ಬಳಕೆಯಲ್ಲಿ ಉಳಿದಿದ್ದ ಬಿಳಿ ಆಸ್ಬೆಸ್ಟಾಸಿನ ನಿಷೇಧಕ್ಕೆ 2024ರವರೆಗೆ ಕಾಯಬೇಕಾಯಿತು.

ಭಾರತದಲ್ಲಿ ಮರದ ಮೇಲಿನ ವಿನೈಲನ್ನು ಅತಿ ಹೆಚ್ಚು ಜನ ತುಳಿದಿರುವುದು ಬಹುಶಃ ಮನೆಯಲ್ಲಲ್ಲ, ರೈಲಿನಲ್ಲಿ. ಬೋಗಿಯ ಉಕ್ಕಿನ ತಳದ ಮೇಲೆ ಕಂಪ್ರೆಗ್ ಎಂಬ ಹಲಗೆ, ಅದರ ಮೇಲೆ ಅಂಟಿಸಿದ ಪಿವಿಸಿ ಶೀಟು. ಮರದ ತೆಳು ಪದರಗಳಿಗೆ ರಾಳ ಕುಡಿಸಿ, ಬಿಸಿ ಮತ್ತು ಒತ್ತಡ ಕೊಟ್ಟು ಮಾಡುವ ಕಂಪ್ರೆಗ್ ಮಾಮೂಲು ಪ್ಲೈವುಡ್ಡಿಗಿಂತ ಗಡುಸು, ತೇವಕ್ಕೆ ಬೇಗ ಬಗ್ಗದು.  ಬೋಗಿಯಲ್ಲೂ ನೆಲ ಮೊದಲು ಕೆಡುವುದು ನೀರು ನಿಲ್ಲುವ ಶೌಚಾಲಯದ ಬಾಗಿಲ ಬಳಿ. ಅಲ್ಲಿ ಶೀಟಿನ ಅಂಚು ಬಿಟ್ಟು ನೀರು ಒಳಗಿಳಿದರೆ ಮೇಲೆ ಹೊಸ ತುಂಡು ಹಚ್ಚಿ ಪ್ರಯೋಜನವಿಲ್ಲ, ಅಡಿಯ ಹಲಗೆಯನ್ನೇ ಬದಲಿಸಬೇಕು.

ಲಿನೋಲಿಯಂ ಸತ್ತಿಲ್ಲ. ಅಗಸೆ ಎಣ್ಣೆ, ರಾಳ, ಮರದ ಪುಡಿ, ಸೆಣಬುಗಳಿಂದಾದ ಅದು ಮಣ್ಣಿನಲ್ಲಿ ಕರಗುತ್ತದೆಂಬ ಕಾರಣಕ್ಕೆ ಮತ್ತೆ ಬೇಡಿಕೆ ಕಂಡಿದೆ. ಕರ್ಕಾಡಿಯ ಕಾರ್ಖಾನೆ ಇಂದೂ ನಡೆಯುತ್ತಿದೆ. ನ್ಯೂಜೆರ್ಸಿ, ಷಿಕಾಗೊ, ಲಂಡನ್ ಸುತ್ತ ಹಳೆಯ ಮನೆ ಕೊಂಡು ತಾವೇ ವಿನೈಲ್ ಹಾಸಲು ಹೊರಡುವ ಕನ್ನಡಿಗರೂ ಈಗ ಕಡಿಮೆಯಿಲ್ಲ. ಅಂಥವರು ಒಂದು ಮಾತು ನೆನಪಿಡಬೇಕು. ಮನೆ 2000ಕ್ಕೂ ಹಿಂದಿನದಾಗಿದ್ದರೆ ಹಳೆಯ ಬಿಲ್ಲೆಯನ್ನಾಗಲಿ, ಶೀಟನ್ನಾಗಲಿ, ಕಪ್ಪು ಅಂಟನ್ನಾಗಲಿ ಕೆರೆಯುವ ಮೊದಲು ಅದರ ಚೂರೊಂದನ್ನು ಪ್ರಯೋಗಾಲಯಕ್ಕೆ ಕಳಿಸಿ ಆಸ್ಬೆಸ್ಟಾಸ್ ಇದೆಯೇ ಎಂದು ಪರೀಕ್ಷೆ ಮಾಡಿಸಬೇಕು. ಇಲ್ಲವೆಂದು ಖಚಿತವಾದ ಮೇಲೆ, ಹಾಸಿನ ಬಣ್ಣ ಆರಿಸುವುದಕ್ಕೆ ಕೊಟ್ಟಷ್ಟು ಹೊತ್ತನ್ನಾದರೂ ಹಲಗೆಯ ಮೇಲೆ ಪಟ್ಟಿ ಇಟ್ಟು ನೋಡುವುದಕ್ಕೂ ಕೊಡಬೇಕು.